22ನೇ ವಾರ

ಗಣೇಶನ ಹಬ್ಬ ಮುಗಿದು ಮೂರ್ನಾಲ್ಕು ದಿನ ಆಗಿತ್ತು. ತಾಲೂಕು ಆಸ್ಪತ್ರೆಯಲ್ಲಿ ನಾನು ಆಪ್ತಸಮಾಲೋಚಕಿ. ನನ್ನ ಕೋಣೆಗೆ ತಾಯಿ, ಮಗಳು ಬಂದರು. ಮಗಳು ಹತ್ತನೇ ತರಗತಿ, ವಯಸ್ಸು 16. ಯೂನಿಫಾರಂ ಮೇಲೆ ದೊಗಳೆ ಸ್ವೆಟರ್. ಅಂಥ ಚಳಿಯೇನೂ ಇರಲಿಲ್ಲ.

ಅವಳನ್ನು ಸವಿತಾ ಅಂತ ಕರೆಯೋಣ. ಹೆಸರು, ಊರು, ಮನೆಯವರ ಕೆಲಸ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ವಾರಗಳ ಲೆಕ್ಕವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನಾನು ತಪ್ಪಿದ್ದು ಅಲ್ಲೇ.

"ನಾಲ್ಕೈದು ತಿಂಗಳಿಂದ ಹೊರಗಾಗಿಲ್ಲ ಮೇಡಂ. ರಕ್ತ ಕಡಿಮೆ ಇರಬೇಕು ಅಂದ್ಕೊಂಡೆ" ಎಂದರು ತಾಯಿ. ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ ಮಡಚಿ ಮಡಚಿ ಬೀಡಿಯಷ್ಟು ಸಣ್ಣದಾಗಿತ್ತು. ಬಿಡಿಸಿ ನೋಡಿದೆ. 22 ವಾರ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಹುಡುಗಿಯ ಜೊತೆ ಮಾತಾಡಿದೆ. ಹುಡುಗ ಪಕ್ಕದ ಬೀದಿಯವನು, ಎರಡನೇ ಪಿಯುಸಿ, 17 ವರ್ಷ. ಒಂದೆರಡು ಸಲಕ್ಕೆಲ್ಲ ಏನೂ ಆಗಲ್ಲ ಅಂತ ಅವನು ಹೇಳಿದ್ದನಂತೆ. ಇವಳು ನಂಬಿದ್ದಳು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆಯಲ್ಲ, ಓದಿಲ್ವಾ ಅಂತ ಕೇಳಿದೆ. "ಆ ಪಾಠ ಮನೇಲಿ ಓದ್ಕೊಳ್ಳಿ ಅಂದ್ರು ಮಿಸ್" ಎಂದಳು. ಈ ಉತ್ತರ ನನಗೆ ಹೊಸದಲ್ಲ.

ಇಂಥ ಮಾತುಕತೆಯ ಶುರುವಿನಲ್ಲೇ ನಾನು ಆಗೆಲ್ಲ ಒಂದು ಮಾತು ಹೇಳಿಬಿಡುತ್ತಿದ್ದೆ. "ಇದನ್ನು ನನ್ನಲ್ಲೇ ಇಟ್ಟುಕೊಳ್ಳೋಕೆ ಆಗಲ್ಲ ಪುಟ್ಟಾ. ಕಾನೂನು ಬಿಡಲ್ಲ." ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಅದರ 19ನೇ ಕಲಂ. ಮುಚ್ಚಿಟ್ಟರೆ ನನಗೂ ಶಿಕ್ಷೆ. ಎಲ್ಲ ಹೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ. ಅದಕ್ಕೇ ಮೊದಲೇ ಹೇಳಿದೆ. ಆಮೇಲೆ ತಾಯಿಯನ್ನು ಒಳಗೆ ಕರೆದು ಅವರಿಗೂ ಅದನ್ನೇ ಹೇಳಿದೆ.

ಪೊಲೀಸ್ ಅನ್ನುವ ಪದ ಕಿವಿಗೆ ಬಿದ್ದ ಮೇಲೆ ಆ ತಾಯಿಗೆ ನನ್ನ ಬೇರೆ ಯಾವ ಮಾತೂ ಕೇಳಿಸಲಿಲ್ಲ.

"ದೊಡ್ಡೋಳ ಲಗ್ನ ಕಾರ್ತೀಕದಲ್ಲಿ ಇದೆ ಮೇಡಂ. ಪಿತೃಪಕ್ಷ ಒಂದು ಕಳೀಲಿ. ಮಹಾಲಯ ಅಮಾವಾಸ್ಯೆ ಆದ್ಮೇಲೆ ನಾವೇ ಬರ್ತೀವಿ" ಎಂದು ಎದ್ದರು. ಅಡ್ಮಿಟ್ ಆಗಿ, ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಹೋಗೋಣ ಅಂತ ಬಾಗಿಲವರೆಗೂ ಹೇಳಿಕೊಂಡು ಹೋದೆ. ಅವರು ತಲೆ ಆಡಿಸಿದರು. ಅವತ್ತು ಸಂಜೆಯೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ, ಠಾಣೆಗೂ ಮಕ್ಕಳ ಕಲ್ಯಾಣ ಸಮಿತಿಗೂ ಬರೆದು ಕೊಟ್ಟೆ. ಮಾರನೇ ದಿನ ಅವರೆಲ್ಲ ಹೋಗಿ ನೋಡಿದರೆ ಮನೆಗೆ ಬೀಗ.

ಆ ಮನೆಯಲ್ಲಿ ಮೂರು ಕ್ಯಾಲೆಂಡರ್ ಇದ್ದವು ಅಂತ ನನಗೆ ಆಮೇಲೆ ಅರ್ಥವಾಯಿತು. ತಾಯಿಯದು ದೊಡ್ಡ ಮಗಳ ಲಗ್ನದ ಕ್ಯಾಲೆಂಡರ್. ಸವಿತಾಳದು ಪರೀಕ್ಷೆಯದು. ಕಿರುಪರೀಕ್ಷೆ ತಪ್ಪಿಹೋಯಿತು ಅಂತ ಅವತ್ತು ಅತ್ತಿದ್ದಳು, ಬೇರೆ ಯಾವುದಕ್ಕೂ ಅಲ್ಲ. ಮೂರನೆಯದು ಕಾನೂನಿನ ಕ್ಯಾಲೆಂಡರ್. ಅದು ವಾರಗಳಲ್ಲಿ ಓಡುತ್ತದೆ, ಪಿತೃಪಕ್ಷಕ್ಕೆ ನಿಲ್ಲುವುದಿಲ್ಲ. ಗರ್ಭಪಾತದ ಕಾಯ್ದೆ 1971ರದ್ದು, 2021ರಲ್ಲಿ ತಿದ್ದುಪಡಿ ಆಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ತುಂಬದ ಹುಡುಗಿಯರಿಗೆ, ಇನ್ನೂ ಕೆಲವು ವರ್ಗದವರಿಗೆ, ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೂ ಅವಕಾಶ ಇದೆ. ಚಿಕ್ಕವಳಾದ್ದರಿಂದ ಪೋಷಕರ ಲಿಖಿತ ಒಪ್ಪಿಗೆ ಬೇಕು, ಅಷ್ಟೆ. ಅಂದರೆ ಅವತ್ತು ಅವಳ ಕೈಯಲ್ಲಿ ಇನ್ನೂ ಎರಡು ವಾರ ಇತ್ತು.

ಇದನ್ನು ನಾನು ಹೇಳಲಿಲ್ಲವಾ? ಹೇಳಿದ್ದೆ. ಪೊಲೀಸ್ ವಿಷಯ ಹೇಳಿದ ಮೇಲೆ ಹೇಳಿದ್ದೆ. ಇನ್ನೊಂದನ್ನು ಹೇಳಲೇ ಇಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಚಿಕ್ಕ ವಯಸ್ಸಿನ ಹುಡುಗಿ ಗರ್ಭಪಾತಕ್ಕೆ ಬಂದಾಗ ವೈದ್ಯರು ಪೊಲೀಸರಿಗೆ ವರದಿ ಕೊಡಬೇಕು, ನಿಜ. ಆದರೆ ಅವಳೂ ಪೋಷಕರೂ ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಭಯದಿಂದ ಕಳ್ಳ ವೈದ್ಯರ ಹತ್ತಿರ ಹೋಗಬಾರದು ಅನ್ನುವುದೇ ಅದರ ಹಿಂದಿನ ಯೋಚನೆ. ಈ ಮಾತನ್ನು ಡಾಕ್ಟರ ಎದುರಿನಲ್ಲೇ ಕೂರಿಸಿ ಹೇಳಿಸಿದ್ದರೆ ಆ ತಾಯಿ ನಿಲ್ಲುತ್ತಿದ್ದರೋ ಏನೋ. ನಾನು ಪ್ರಾಮಾಣಿಕಳಾಗಿರುವ ಅವಸರದಲ್ಲಿ ಮಾತಿನ ಕ್ರಮ ಕೆಡಿಸಿದೆ. ಈಗ ಇಂಥವರು ಬಂದರೆ ಮೊದಲು ವಾರ, ಆಮೇಲೆ ಡಾಕ್ಟರು, ಆಮೇಲೆ ಗುರುತು ಎಷ್ಟು ಗುಟ್ಟಾಗಿ ಉಳಿಯುತ್ತದೆ ಅನ್ನುವುದು, ಕೊನೆಗೆ ಪೊಲೀಸು. ಎಲ್ಲವನ್ನೂ ಹೇಳುತ್ತೇನೆ, ಅದೇ ಅರ್ಧ ಗಂಟೆಯಲ್ಲೇ ಹೇಳುತ್ತೇನೆ. ಕ್ರಮ ಮಾತ್ರ ಬೇರೆ.

ಅಮಾವಾಸ್ಯೆ ಕಳೆದ ಮೇಲೆ ಅವರು ಬಂದದ್ದು ನಿಜ. ಆಟೋದಲ್ಲಿ, ಸವಿತಾಳ ಲಂಗ ರಕ್ತವಾಗಿತ್ತು. ತಾಯಿಯ ತವರಿನಲ್ಲಿ ಯಾರೋ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಟ್ಟಿದ್ದರು. ಗರ್ಭ ಹೋಗಿರಲಿಲ್ಲ, ರಕ್ತ ಮಾತ್ರ ಹೋಗಿತ್ತು. ಹಿಮೋಗ್ಲೋಬಿನ್ 7.4. ಸ್ಕ್ಯಾನಿಂಗ್‌ನಲ್ಲಿ 25 ವಾರ ದಾಟಿತ್ತು.

24 ವಾರ ಕಳೆದರೆ ದಾರಿ ಕಿರಿದು. ಭ್ರೂಣಕ್ಕೆ ಗಂಭೀರ ದೋಷವಿದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು, ಇಲ್ಲವೇ ಹೈಕೋರ್ಟಿಗೆ ಹೋಗಬೇಕು. ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ, ಕೇಳಿ ನೋಡೋಣ ಅಂದೆ. ಈ ಸಲ ತಾಯಿಯನ್ನಲ್ಲ, ಸವಿತಾಳನ್ನೇ ಕೇಳಿದೆ. ಡಾಕ್ಟರ್ ಅವಳಿಗೆ ಅರ್ಥವಾಗುವ ಹಾಗೆ ವಿವರಿಸಿದರು. ಎರಡು ದಿನ ಯೋಚಿಸಿ "ಬೇಡ ಮಿಸ್. ಇನ್ನೊಂದ್ಸಲ ಅಷ್ಟು ರಕ್ತ ನೋಡೋಕಾಗಲ್ಲ" ಎಂದಳು.

ಹೇಳಿಕೆ ಪಡೆಯಲು ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬಂದರು. ಅವರು ಯೂನಿಫಾರಂ ಹಾಕಿರಲಿಲ್ಲ, ಚೂಡಿದಾರ್‌ನಲ್ಲಿದ್ದರು. ಅವರು ಪೊಲೀಸ್ ಅಂತ ಗೊತ್ತಾದಾಗ ತಾಯಿಗೆ ಆಶ್ಚರ್ಯ. ಇದೇನೂ ಆ ಅಧಿಕಾರಿಯ ದೊಡ್ಡಗುಣ ಅಲ್ಲ, ಪೋಕ್ಸೋ ಕಾಯ್ದೆಯ 24ನೇ ಕಲಂನಲ್ಲೇ ಹಾಗಿದೆ. ಹೇಳಿಕೆಯನ್ನು ಮಗು ಇರುವ ಕಡೆಯೇ ಬಂದು ಪಡೆಯಬೇಕು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನೂ ನಾನು ಮೊದಲ ದಿನ ಹೇಳಬಹುದಿತ್ತು, ಅಲ್ವಾ?

ಹುಡುಗನ ವಿಷಯ ಸವಿತಾ ಒಂದೇ ಸಲ ಕೇಳಿದಳು. ಜೈಲಿಗೆ ಹಾಕ್ತಾರಾ ಅಂತ. ಅವನಿಗೂ 18 ತುಂಬಿಲ್ಲ, ಹಾಗಾಗಿ ಜೈಲಿಗೆ ಹಾಕಲ್ಲ, ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ ಅಂದೆ. ಆದರೆ ಸುಲಭವಾಗಿ ಮುಗಿಯುತ್ತದೆ ಅಂತ ಹೇಳಲಿಲ್ಲ. 16 ದಾಟಿದವರ ಮೇಲೆ ಇಂಥ ಗಂಭೀರ ಆರೋಪ ಇದ್ದರೆ ದೊಡ್ಡವರ ಹಾಗೆ ವಿಚಾರಣೆ ಆಗಬೇಕಾ ಅಂತ ಮಂಡಳಿ ನೋಡುತ್ತದೆ.

ಅಷ್ಟರಲ್ಲಿ ಹುಡುಗನ ಸೋದರಮಾವ ಇಬ್ಬರು ಹಿರಿಯರನ್ನು ಕರೆದುಕೊಂಡು ಸವಿತಾಳ ಅಪ್ಪನ ಹತ್ತಿರ ಹೋಗಿದ್ದ. "ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡೋಣ, ಕೇಸೂ ಇಲ್ಲ, ಮರ್ಯಾದೆಯೂ ಉಳಿಯುತ್ತೆ." ಅಪ್ಪ ಅರ್ಧ ಒಪ್ಪಿಕೊಂಡೇ ನನ್ನ ಮುಂದೆ ಬಂದು ಕೂತರು. ಅವರು ಬೆಂಗಳೂರಿನಲ್ಲಿ ಗಾಡಿ ಓಡಿಸುವವರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಅಣ್ಣಾ, ಇವಳಿಗೆ 18 ಆಗಿಲ್ಲ, ಅವನಿಗೆ 21 ಆಗಿಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹ ಮಾಡಿದರೆ ಅದು ಮೊದಲಿನಿಂದಲೇ ಅಸಿಂಧು. ಮದುವೆ ಮಾಡಿಸಿದವರು, ಓಡಾಡಿದವರು ಎಲ್ಲರ ಮೇಲೂ ಇನ್ನೊಂದು ಕೇಸು. ಮೊದಲನೇ ಕೇಸೂ ಹೋಗಲ್ಲ. ಹೆಂಡತಿಯಾದರೂ 18 ತುಂಬಿರದಿದ್ದರೆ ಅದು ಅಪರಾಧವೇ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ."

"ಹಾಗಾದ್ರೆ ನಾನು ಏನೂ ಮಾಡೋ ಹಾಗಿಲ್ವಾ?" ಎಂದರು.

ಅವರು ಆವರೆಗೆ ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ. ಮನೆಗೆ ಬಂದಾಗ ಅವಳ ಜೊತೆ ಕೂತು ಒಂದು ಹೊತ್ತು ಊಟ ಮಾಡಿ ಅಂದೆ. ಮಾತಾಡದಿದ್ದರೂ ಪರವಾಗಿಲ್ಲ. ಇದು ಅವರಿಗೆ ತುಂಬಾ ಸಣ್ಣ ಸಲಹೆ ಅನ್ನಿಸಿತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅವರು ಅದನ್ನು ಮಾಡಿದರು. "ಅಪ್ಪ ಮೊಸರನ್ನ ನನ್ನ ತಟ್ಟೆಗೂ ಹಾಕಿದ್ರು" ಅಂತ ಮುಂದಿನ ಸಲ ಸವಿತಾ ಹೇಳಿದಳು.

ಶಾಲೆಯ ಕಥೆ ಬೇಗ ಹೇಳಿ ಮುಗಿಸುತ್ತೇನೆ, ನೆನೆದರೆ ಕೋಪ ಬರುತ್ತದೆ. ಟಿಸಿ ತಗೊಂಡು ಹೋಗಿ, ಬೇರೆ ಹೆಣ್ಣುಮಕ್ಕಳು ಕೆಡ್ತಾರೆ ಅಂದರು. ಮಕ್ಕಳ ಕಲ್ಯಾಣ ಸಮಿತಿಯಿಂದ ಒಂದು ಪತ್ರ ಹೋದ ಮೇಲೆ ಆ ಮಾತು ನಿಂತಿತು. ಹೆಸರು ದಾಖಲೆಯಲ್ಲಿ ಉಳಿಯಿತು, ಅನಾರೋಗ್ಯದ ರಜೆ ಅಂತ ಬರೆದರು. ಹಾಜರಿ ಸಾಲಲಿಲ್ಲ. ಆ ವರ್ಷ ಪರೀಕ್ಷೆಗೆ ಕೂರಲಾಗದಿದ್ದರೂ ಮುಂದಿನ ವರ್ಷ ಖಾಸಗಿಯಾಗಿ ಕಟ್ಟಬಹುದು ಅಂತ ಅವಳಿಗೆ ಮೊದಲೇ ತಿಳಿಸಿದೆ. ಅದು ಗೊತ್ತಾದ ರಾತ್ರಿ ಚೆನ್ನಾಗಿ ನಿದ್ದೆ ಬಂತಂತೆ.

ಉಳಿದ ವಾರಗಳು ಔಷಧ, ಊಟದಲ್ಲಿ ಕಳೆದವು. ಈ ವಯಸ್ಸಿನಲ್ಲಿ ಮೈ ಇನ್ನೂ ಬೆಳೆಯುತ್ತಿರುತ್ತದೆ. ರಕ್ತಹೀನತೆ, ಬಿಪಿ ಏರುವುದು, ದಿನ ತುಂಬುವ ಮೊದಲೇ ಹೆರಿಗೆ ಆಗುವುದು, ಮಗುವಿನ ತೂಕ ಕಡಿಮೆ ಇರುವುದು, ಎಲ್ಲದರ ಅಪಾಯವೂ ಜಾಸ್ತಿ. ಕಬ್ಬಿಣಾಂಶದ ಇಂಜೆಕ್ಷನ್ನನ್ನು ಡ್ರಿಪ್‌ನಲ್ಲಿ ಕೊಟ್ಟರು. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಇದರಲ್ಲಿ ಯಾವುದು ಕಂಡರೂ ನಡುರಾತ್ರಿ ಆದರೂ 108ಕ್ಕೆ ಫೋನ್ ಮಾಡಿ ಅಂತ ತಾಯಿಗೆ ಬಾಯಿಪಾಠ ಮಾಡಿಸಿದೆ. ಕಾರ್ತೀಕದಲ್ಲಿ ಅಕ್ಕನ ಲಗ್ನವೂ ಆಯಿತು. ಸವಿತಾ ಹೋಗಲಿಲ್ಲ.

ಜನವರಿ ಮೊದಲ ವಾರ ಹೆರಿಗೆ. 37 ವಾರ, ಹೆಣ್ಣುಮಗು, 2.1 ಕೆಜಿ.

ಮಗುವನ್ನು ದತ್ತು ಕೊಡಲು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ತೀರ್ಮಾನ ಹೆರಿಗೆಗೆ ಮೊದಲೇ ಆಗಿತ್ತು. ಆದರೂ ಹೆರಿಗೆ ಆದ ಮೇಲೆ ಮತ್ತೆ ಕೇಳಿದೆ, ತಾಯಿ ಇಲ್ಲದಾಗ. "ಓದಬೇಕು ಮಿಸ್. ನಾನು ಇಟ್ಕೊಂಡ್ರೆ ಅದನ್ನ ಅಮ್ಮ ಸಾಕ್ತಾಳೆ, ದಿನಾ ಬೈತಾಳೆ. ಅದಕ್ಕೆ ಆ ಬೈಗುಳ ಬೇಡ" ಎಂದಳು. ಸಮಿತಿಯ ಮುಂದೆ ಒಪ್ಪಿಸುವ ಪತ್ರಕ್ಕೆ ಸಹಿ ಆಯಿತು. ಬಾಲ ನ್ಯಾಯ ಕಾಯ್ದೆಯಲ್ಲಿ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಅಷ್ಟರೊಳಗೆ ವಾಪಸ್ ಕೇಳಬಹುದು, ಯಾರ ಅಪ್ಪಣೆಗೂ ಕಾಯಬೇಡ, ನನಗೆ ಒಂದು ಫೋನ್ ಮಾಡು ಸಾಕು ಅಂದೆ.

ಫೋನ್ ಮೂರನೇ ದಿನವೇ ಬಂತು. ಮಗು ವಾಪಸ್ ಬೇಕು ಅಂತ ಅಲ್ಲ. "ಎದೆ ಕಲ್ಲಾಗಿದೆ ಮಿಸ್. ಬಟ್ಟೆ ಎಲ್ಲ ಒದ್ದೆ. ನಂಗೇನೋ ಆಗಿದೆ."

ಹಾಲು ಬರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಯ್ದೆ, ಕಲಂ, ವಾರ, ದಿನ ಎಲ್ಲ ಹೇಳಿದ ನಾನೂ ಹೇಳಿರಲಿಲ್ಲ. ಮಗು ಬೇರೆ ಕಡೆ ಇದ್ದರೂ ಮೈಗೆ ಅದು ಗೊತ್ತಾಗುವುದಿಲ್ಲವಲ್ಲ. ತಾಯಿ ಹಳೇ ಸೀರೆ ಹರಿದು ಎದೆಗೆ ಬಿಗಿಯಾಗಿ ಸುತ್ತಿದ್ದರು. ಮೊದಲು ಅದನ್ನು ಬಿಚ್ಚಿಸಿದೆ. ಬಿಗಿ ಕಟ್ಟಬಾರದು, ಹಾಲು ಕಟ್ಟಿಕೊಂಡು ಬಾವು ಬರಬಹುದು. ಎದೆಗೆ ಆಧಾರ ಕೊಡುವ ಒಳಉಡುಪು, ತಣ್ಣೀರಿನ ಬಟ್ಟೆ. ನೋವು ತಡೆಯಲಾಗದಷ್ಟಾದರೆ ಸ್ವಲ್ಪ ಮಾತ್ರ ಹಿಂಡಿ ತೆಗೆಯಬೇಕು. ಪೂರ್ತಿ ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ಜ್ವರ ಬಂದರೆ, ಒಂದು ಕಡೆ ಕೆಂಪಾದರೆ ಡಾಕ್ಟರ್ ಹತ್ತಿರ ಬರಲೇಬೇಕು. ಅವತ್ತು ಫೋನಿನಲ್ಲಿ ಅವಳು ತುಂಬಾ ಹೊತ್ತು ಅತ್ತಳು. ನಾನು ಏನೂ ಹೇಳಲಿಲ್ಲ.

ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ತಿಳಿಸಿದ್ದೆ. ಒಂದು ಸಲ ಮಾಡಿದ್ದಳಂತೆ. ಏನು ಮಾತಾಡಿದೆ ಅಂತ ನಾನು ಕೇಳಲಿಲ್ಲ.

60 ದಿನ ಕಳೆಯಿತು. 58ನೇ ದಿನ ಅವಳು ಆಸ್ಪತ್ರೆಗೆ ಬಂದು ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು ಅಂತ ಆಯಾ ಆಮೇಲೆ ಹೇಳಿದರು. ನಾನು ಅವತ್ತು ತರಬೇತಿಗೆ ಹೋಗಿದ್ದೆ. ಸಂಜೆ ಫೋನ್ ಮಾಡಿ ಕೇಳಿದೆ. "ಸುಮ್ನೆ ಬಂದಿದ್ದೆ ಮಿಸ್" ಎಂದಳು. ನಾಳೆ ಸಮಿತಿಗೆ ಹೋಗೋಣವಾ, ಇನ್ನೂ ಎರಡು ದಿನ ಇದೆ ಅಂತ ನೇರವಾಗಿಯೇ ಕೇಳಿದೆ. ಬೇಡ ಎಂದಳು. ಆ 'ಸುಮ್ನೆ' ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಅಕ್ಟೋಬರ್‌ನಲ್ಲಿ ಮತ್ತೆ ಬಂದಳು, ಖಾಸಗಿ ಅಭ್ಯರ್ಥಿಯ ಅರ್ಜಿ ಹಿಡಿದುಕೊಂಡು. ಎರಡು ಜಡೆ ಹೋಗಿ ಒಂದು ಜಡೆ ಆಗಿತ್ತು. ಗಣಿತ ಮಾತ್ರ ಭಯ, ಉಳಿದದ್ದು ಪರವಾಗಿಲ್ಲ ಎಂದಳು. ಅರ್ಜಿಯಲ್ಲಿ ಎರಡು ಕಡೆ ಅವಳಿಗೆ ಅನುಮಾನ ಇತ್ತು, ಕೂತು ತುಂಬಿದೆವು. ಫೋಟೋ ಅಂಟಿಸುವಾಗ ಗೋಂದು ಜಾಸ್ತಿಯಾಯಿತು, ದಾವಣಿಯ ತುದಿಯಲ್ಲಿ ಒರೆಸಿದಳು.

ತಲೆ ಎತ್ತದೆ "41 ವಾರ ಆಯ್ತು ಮಿಸ್" ಎಂದಳು. "ಈಗ ಎದ್ದು ನಿಂತ್ಕೊಳ್ಳುತ್ತಾ?"

ಏನಾದರೂ ಹಿಡಿದುಕೊಂಡು ನಿಲ್ಲುವ ವಯಸ್ಸು ಅಂದೆ.