ಹೊಸ ಪಾಯಿಂಟಿಗೆ ಲೋಡ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿದೆ – ಪ್ರತಿಕ್ರಿಯೆ

ಹೊಸದಾಗಿ ಹಾಕಿಸಿದ ಪಾಯಿಂಟಿಗೆ ಉಪಕರಣ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸುರಕ್ಷತಾ ಸ್ವಿಚ್) ಬೀಳುತ್ತಿದೆ, ಅಂದರೆ ಟ್ರಿಪ್ ಆಗುತ್ತಿದೆ ಅಂತ ಕೇಳಿದ್ದೀರಿ. ಬಹುಶಃ ಹೊಸ ಪಾಯಿಂಟಿನ ನ್ಯೂಟ್ರಲ್ (ಕರೆಂಟ್ ವಾಪಸಾಗುವ ವೈರ್) ಈ ಆರ್‌ಸಿಸಿಬಿಗೆ ಸೇರದ ಬೇರೆ ಸರ್ಕ್ಯೂಟಿಗೆ ಸೇರಿಹೋಗಿದೆ. ಕರೆಂಟ್ ಫೇಸ್ ವೈರಿನಲ್ಲಿ ಆರ್‌ಸಿಸಿಬಿ ಮೂಲಕ ಹೋಗಿ ನ್ಯೂಟ್ರಲ್‌ನಲ್ಲಿ ಇನ್ನೊಂದು ದಾರಿಯಿಂದ ವಾಪಸಾದರೆ ಅದು ಸೋರಿಕೆ ಅಂತಲೇ ಲೆಕ್ಕ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಆರ್‌ಸಿಸಿಬಿ ಬೀಳಲು ಹೋಗುವ, ಬರುವ ಕರೆಂಟಿನ ನಡುವೆ 30 ಮಿಲಿಆಂಪ್ ವ್ಯತ್ಯಾಸ ಸಾಕು. ಆರ್‌ಸಿಸಿಬಿ ಬದಲಿಸಿ ದುಡ್ಡು ಕಳೆಯಬೇಡಿ, ಬೈಪಾಸಂತೂ ಮಾಡಿಸಲೇಬೇಡಿ.

ಮೊದಲು ಅದೇ ಉಪಕರಣವನ್ನು ಅದೇ ಆರ್‌ಸಿಸಿಬಿಯ ಹಳೇ ಸಾಕೆಟ್ಟಿಗೆ ಹಾಕಿ ನೋಡಿ. ಅಲ್ಲೂ ಬಿದ್ದರೆ ದೋಷ ಉಪಕರಣದ್ದಿರಬಹುದು. ಬೀಳದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಫೋನಿನಲ್ಲೇ ಕೇಳಿ, "ಮೆಗ್ಗರ್ ತರ್ತೀರಾ?" (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್). ಬರೀ ಟೆಸ್ಟರ್ ಸ್ಕ್ರೂಡ್ರೈವರ್ ಹಿಡಿದು ಬಂದರೆ ಈ ದೋಷ ಸಿಗಲ್ಲ.

ನ್ಯೂಟ್ರಲ್ ಅದಲುಬದಲಾಗಿಲ್ಲ ಅಂದರೆ ಎಲ್ಲೋ ಅರ್ತಿಗೆ ತಾಗಿರಬಹುದು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಉಪಕರಣಗಳನ್ನೆಲ್ಲ ಕಳಚಿ, ಆ ನ್ಯೂಟ್ರಲ್ ವೈರನ್ನು ಬಾರಿನಿಂದ (ನ್ಯೂಟ್ರಲ್ ವೈರುಗಳು ಸೇರುವ ಲೋಹದ ಪಟ್ಟಿ) ಬಿಚ್ಚಿ ಅರ್ತ್ ಜೊತೆ ಮೆಗ್ಗರಿನಿಂದ 500 ವೋಲ್ಟಿನಲ್ಲಿ ಅಳೆಯಲಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ತಾಗಿರುವ ಜಾಗ ಹುಡುಕಿ ಸರಿಪಡಿಸಬೇಕು, ಇಲ್ಲವೇ ವೈರ್ ಬದಲಿಸಬೇಕು. ಬಿಲ್ಲಿನಲ್ಲಿ ಲೈಸೆನ್ಸ್ ನಂಬರ್, ರೀಡಿಂಗ್ ಎರಡೂ ಬರೆಸಿಕೊಳ್ಳಿ.