ಪಂಚಾಯಿತಿ ಪಾಠವನ್ನು ಊರಿನ ನಲ್ಲಿಯಿಂದ ಆರಂಭಿಸಿ

ನಮಸ್ಕಾರ. ಐದನೆಯ ತರಗತಿಯ ಮಕ್ಕಳು ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಬಾಯಿಪಾಠ ಒಪ್ಪಿಸಿದರೂ ಅದು ತಮ್ಮ ಊರಿನದೇ ಸಂಸ್ಥೆಯೆಂಬುದು ಅವರಿಗೆ ಹೊಳೆಯುವುದಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ.

ಪುಸ್ತಕವನ್ನು ಒಂದು ವಾರ ಬದಿಗಿಟ್ಟು, ಶಾಲೆಯ ಸುತ್ತಲಿನ ನಲ್ಲಿ, ಬೀದಿದೀಪ, ಚರಂಡಿಗಳನ್ನು ಮಕ್ಕಳೇ ಎಣಿಸಿ, ಯಾವುದು ಕೆಟ್ಟಿದೆಯೆಂದು ತಾವೇ ಬರೆದ ನಕ್ಷೆಯಲ್ಲಿ ಗುರುತಿಸುವಂತೆ ಮಾಡಿ. ಇದನ್ನು ಸರಿಪಡಿಸಬೇಕಾದವರು ಯಾರು ಎಂಬ ಪ್ರಶ್ನೆ ಆಗ ತಾನಾಗಿಯೇ ಹುಟ್ಟುತ್ತದೆ; ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ಬಳಿಕ ವಾರ್ಡಿನ ಸದಸ್ಯರನ್ನು ತರಗತಿಗೆ ಕರೆಸಿ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುವುದರಿಂದ ಅವರು ಬಹುಪಾಲು ಮಕ್ಕಳಿಗೆ ಪರಿಚಿತರೇ ಆಗಿರುತ್ತಾರೆ, ಮತ್ತು ಈ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯದ ಕಾರಣ (ಇದನ್ನೂ ಮಕ್ಕಳಿಗೆ ಹೇಳಬೇಕು) ಮಾತುಕತೆಯನ್ನು ಪಕ್ಷ ರಾಜಕೀಯದಿಂದ ದೂರವಿಡುವುದು ಕಷ್ಟವಾಗದು. ಕೆಟ್ಟದ್ದನ್ನು ಸರಿಪಡಿಸಿ ಎಂದು ಮಕ್ಕಳು ಬರೆದ ಅರ್ಜಿಯನ್ನು ಮಕ್ಕಳ ಗ್ರಾಮ ಸಭೆಯಲ್ಲಿ (ಮಕ್ಕಳ ಅಹವಾಲು ಕೇಳಲು ಪಂಚಾಯಿತಿ ನಡೆಸುವ ಸಭೆ) ಅವರೇ ಓದಲಿ. ಶಿಕ್ಷಕರು ತಿದ್ದಿ ಅಂದಗೊಳಿಸಿದ ಅರ್ಜಿಗಿಂತ ತಪ್ಪುಗಳಿರುವ ಅವರದೇ ಅರ್ಜಿ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ತಿಂಗಳಾದ ಮೇಲೆ ಕೆಲಸ ಏನಾಯಿತೆಂದು ವಿಚಾರಿಸಲು ಮಕ್ಕಳನ್ನು ಪಂಚಾಯಿತಿ ಕಚೇರಿಗೆ ಕರೆದೊಯ್ಯಿರಿ. ಆಗಿಲ್ಲವಾದರೆ ಕಾರಣ ಕೇಳಿ ಬರೆದುಕೊಳ್ಳಲಿ. ಪರೀಕ್ಷೆಯಲ್ಲಿಯೂ ವ್ಯಾಖ್ಯೆ ಕೇಳುವ ಬದಲು ಒಂದು ಅರ್ಜಿ ಬರೆಯಲು ಹೇಳಿ.