ಗಾಡಿ ಕೇರಳದ್ದು, ಸಾಮಾನು ಪುತ್ತೂರಿನದ್ದು

ನೀವು ಕೇಳಿದ್ದು ಎರಡು ಪ್ರಶ್ನೆ. ಹದಿನಾಲ್ಕು ವರ್ಷದ ಪಿಕಪ್ಪನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಕನ್ನಡ ಮಾತಾಡುವವರ ಗಾಡಿಗೆ ಕೇರಳದ ನಂಬರು ಯಾಕೆ?

ಎರಡನೆಯದು ಸುಲಭ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ನಾವು ಇದ್ದಲ್ಲೇ ಇದ್ದೆವು. ಹಾಗಾಗಿ ಗಾಡಿಗೆ ಕಾಸರಗೋಡಿನ ನಂಬರು ಕೆಎಲ್ 14, ಯಜಮಾನ ಕನ್ನಡಿಗ. ಗಡಿಯ ಸಾರಡ್ಕ ದಾಟಿ ಕರ್ನಾಟಕದಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ಬೋರ್ಡು ನೋಡಿ ಮಲಯಾಳದಲ್ಲೇ ಶುರು ಮಾಡುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ಅವರಿಗೇ ಗಲಿಬಿಲಿ.

ಇನ್ನು ಗಾಡಿ. ಎಂಜಿನ್ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಆಯಿಲ್ ಸಮಯಕ್ಕೆ ಬದಲಿಸಿ, ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ತಳದ ನೀರು ಬಿಟ್ಟು, ರೇಡಿಯೇಟರ್ ಹೋಸ್ ಮೆತ್ತಗಾಗಿದೆಯೋ ಎಂದು ಒತ್ತಿ ನೋಡುತ್ತಿದ್ದರೆ ಹಳೇ ಡೀಸೆಲ್ ಎಂಜಿನ್ ಎಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಗಾಡಿಯನ್ನು ಕೊಲ್ಲುವುದು ತುಕ್ಕು ಮಾರಾಯ್ರೇ. ಅದಕ್ಕೂ ಮಳೆಯನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ನೀರು ನಿಂತರೆ ತುಕ್ಕು ಹಿಡಿಯುವುದು ಸರಿ. ಅದಕ್ಕಿಂತ ಬೇಗ ಕಬ್ಬಿಣ ತಿನ್ನುವುದು ನಾವೇ ಹೇರುವ ಸಾಮಾನು.

ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದುಂಟು. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ಸರಿ ಉಂಟೋ ಎಂದು ನೋಡಲಿಕ್ಕೆ ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ಸುಮ್ಮನೆ ಬರುವುದಲ್ಲ. ನೀರಿನಲ್ಲಿದ್ದ ತಾಮ್ರ ಅಲಗಿನ ಮೇಲೆ ಕೂರುವಾಗ ಅಲಗಿನ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ. ಕತ್ತಿಗೆ ಆದದ್ದು ಪಿಕಪ್ಪಿಗೂ ಆಗುತ್ತದೆ ಎಂದು ನನಗೆ ಎಷ್ಟೋ ವರ್ಷ ಹೊಳೆಯಲೇ ಇಲ್ಲ. ಮೈಲುತುತ್ತನ್ನು ಮನೆಯಲ್ಲೇ ಡ್ರಮ್ಮಿನಲ್ಲಿ ಕರಗಿಸಿ ತೋಟಕ್ಕೆ ಸಾಗಿಸುತ್ತಿದ್ದೆ. ಪ್ರತಿ ತಿರುವಿನಲ್ಲೂ ನೀಲಿ ನೀರು ತುಳುಕಿ ಹಿಂದಿನ ರಬ್ಬರ್ ಹಾಸಿನ ಅಡಿಗೆ ಹೋಗುತ್ತಿತ್ತು. ಒಂದು ದಿನ ಹಾಸು ಎತ್ತಿದರೆ ಕೆಳಗೆ ರಸ್ತೆ ಕಾಣಿಸಿತು.

ರಿಪೇರಿಗೆ ಮೂರು ಭಾಷೆ ಬೇಕಾಯಿತು. ಮೆಕ್ಯಾನಿಕ್ ಮಲಯಾಳಿ, ಕೆಳಗೆ ತೂರಿ ನೋಡಿ "ಕುಳಪ್ಪಮಿಲ್ಲ" ಅಂದ. ವೆಲ್ಡರ್ ತುಳುವ, "ದಾಲ ಆಪುಜಿ" ಅಂದ. ಎರಡೂ ಕಡೆಯಿಂದ ಏನೂ ತೊಂದರೆ ಇಲ್ಲ ಎಂಬ ಮಾತು ಬಂದರೆ ಖರ್ಚು ದೊಡ್ಡದುಂಟು ಎಂದೇ ತಿಳಿಯಬೇಕು. ಆದರೆ ಆ ವೆಲ್ಡರ್ ಕೆಲಸಗಾರ. ಮೊದಲು ಬ್ಯಾಟರಿ ವಯರ್ ಕಳಚಿಸಿದ. ಮತ್ತೆ ಸ್ಕ್ರೂಡ್ರೈವರ್ ಹಿಡಿದು ಅಂಗುಲ ಅಂಗುಲ ಕುಟ್ಟುತ್ತ ಹೋದ. ಟಣ್ ಎಂದರೆ ಬಿಟ್ಟ, ಬುಸಕ್ಕೆಂದು ಒಳಗೆ ಹೋದಲ್ಲಿ ಚಾಕ್‌ಪೀಸಿನ ಗೆರೆ ಎಳೆದ. ಗೆರೆಯೊಳಗಿನದ್ದೆಲ್ಲ ಕತ್ತರಿಸಿ ತೆಗೆದ ಮೇಲೆಯೇ ಹೊಸ ತಗಡು. ಹಳೇ ತೂತಿನ ಮೇಲೆಯೇ ತಗಡು ಕೂರಿಸುವವರಿದ್ದಾರೆ, ಅಗ್ಗ ಆಗುತ್ತದೆ, ಎರಡರ ನಡುವೆ ನೀರು ನಿಂತು ಹೊಸದೂ ಹೋಗುತ್ತದೆ. ಮೂಲೆಗಳಲ್ಲಿ ನೀರು ಇಳಿಯಲು ಎರಡು ತೂತು ನಾನೇ ಹೇಳಿ ಕೊರೆಸಿದೆ. ಈಗ ಮೈಲುತುತ್ತನ್ನು ಚೀಲದಲ್ಲೇ ಒಯ್ದು ತೋಟದಲ್ಲಿ ಕರಗಿಸುತ್ತೇನೆ.

ತುಕ್ಕು ಹಿಡಿಯದಂತೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಹಳೇ ಎಂಜಿನ್ ಆಯಿಲ್ ಬಳಿಯಿರಿ ಎಂದು ಹತ್ತು ಜನ ಹೇಳುತ್ತಾರೆ. ರಬ್ಬರ್ ಬುಷ್‌ಗೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ, ಉಳಿದದ್ದು ತೊಳೆದು ತೋಡಿಗೆ ಸೇರುತ್ತದೆ. ನಾನು ಬಿಟ್ಟಿದ್ದೇನೆ.

ಕಾಗದಪತ್ರ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ, ಅಡಿಕೆ ಹೇರಿಕೊಂಡು ಗಡಿ ದಾಟುವ ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಸೀದಾ ಹೋಗುವುದೇ. ಬರುವಾಗ ಕರ್ನಾಟಕದ ಪಂಪಿನಲ್ಲಿ ಡೀಸೆಲ್, ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಫಿಟ್‌ನೆಸ್, ಅಂದರೆ ಗಾಡಿ ಓಡಿಸಲು ಯೋಗ್ಯವೋ ಎಂಬ ತಪಾಸಣೆ, ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ.

ಗಡಿ ನಿಜವಾಗಿ ಗಡಿಯಾಗಿ ಕಂಡದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಎಂದು ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗಬೇಕಾದವರ ಪಾಡಿನ ಮುಂದೆ ನನ್ನದು ಏನೂ ಅಲ್ಲ. ಆದರೂ ಹೇಳುತ್ತೇನೆ, ಗಾಡಿ ಕ್ಲಚ್ ಬಿಚ್ಚಿ ಅಂಗಳದಲ್ಲಿ, ಕ್ಲಚ್ ಪ್ಲೇಟ್ ಗಡಿಯಾಚೆ ಪುತ್ತೂರಿನ ಅಂಗಡಿಯಲ್ಲಿ. ಹಣವನ್ನೂ ಕೊಟ್ಟಾಗಿತ್ತು. ಅಂದಿನಿಂದ ಸೀಟಿನ ಅಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಉಂಟು: ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ವೀಲ್ ಸಿಲಿಂಡರ್ ಕಿಟ್, ಫ್ಯೂಸು.

ಹೊಸದು ಯಾಕೆ ಬೇಡ ಅಂದರೆ, ಇದರಲ್ಲಿ ಎಂಜಿನ್ನಿಗೆ ಡೀಸೆಲ್ ಒದಗಿಸುವುದು ಕಂಪ್ಯೂಟರ್ ಇಲ್ಲದ ಹಳೇ ಮೆಕ್ಯಾನಿಕಲ್ ಪಂಪ್. ಪೆರ್ಲದಲ್ಲಿ ನಿಂತರೆ ಪೆರ್ಲದಲ್ಲೇ ಸರಿ ಮಾಡುವವರು ಸಿಗುತ್ತಾರೆ. ನೆರೆಮನೆಯ ಹೊಸ ಗಾಡಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದರೆ ಮಂಗಳೂರಿಗೆ ಎಳೆಸಬೇಕು, ಅಲ್ಲಿ ಲ್ಯಾಪ್‌ಟಾಪ್ ಚುಚ್ಚಿ ನೋಡುತ್ತಾರೆ. ಹೋದ ವರ್ಷ ಅದನ್ನು ಗುಡ್ಡದ ದಾರಿಯಿಂದ ಮುಖ್ಯರಸ್ತೆವರೆಗೆ ಎಳೆದು ತಂದದ್ದು ನನ್ನ ಪಿಕಪ್ಪೇ.

ಫಿಟ್‌ನೆಸ್ ಮುಂದಿನ ತಿಂಗಳು. ಎಡಗಡೆಯ ಬ್ರೇಕ್ ಲೈಟ್ ಒಮ್ಮೆ ಹೊತ್ತುತ್ತದೆ, ಒಮ್ಮೆ ಇಲ್ಲ. ಅರ್ಥ್ ವಯರ್ ಕೂರಿಸಿದಲ್ಲಿ ತುಕ್ಕು ಇರಬೇಕು, ಉಪ್ಪುಕಾಗದ ಹಿಡಿದು ಈಗ ಅದನ್ನೇ ಉಜ್ಜಲು ಹೊರಟಿದ್ದೇನೆ.